ಕ್ರ್ಯಾಕಿಂಗ್ ಸಮೀಕರಣ ಬಾಯಿಪಾಠ ಮಾಡಬ್ಯಾಡ್ರಿ, ನೆನಸಿದ ಕಡ್ಲಿ ತಗೊಂಡು ಕೂಡ್ರಿ

ಹ್ವಾದ ತಿಂಗಳ ನಮ್ಮ ಅಕ್ಕ ತನ್ನ ಮಗಳನ್ನ ಕರ್ಕೊಂಡು ರಾಣೇಬೆನ್ನೂರಿಂದ ಧಾರವಾಡಕ್ಕ ಬಂದಿದ್ಲು, ಹುಡುಗಿ ಈಗ ಫಸ್ಟ್ ಪಿಯುಸಿ ಸೈನ್ಸ್, ಸಪ್ತಾಪುರದಾಗ ಒಂದು ಪಿಜಿ ನೋಡಿ ಟ್ಯೂಷನ್‌ಗೆ ಹಚ್ಚೂದಿತ್ತು. ರಾತ್ರಿ ಊಟ ಆದಮ್ಯಾಲ ನೋಡ್ತೀನಿ, ಮೂಲ್ಯಾಗ ಕುಂತು ಕಣ್ಣ ಮುಚ್ಚಿ ಮಂತ್ರ ಹೇಳಿದಂಗ ಏನೋ ಹೇಳಾಕತ್ತಾಳ. ಏನವಾ ಅದು ಅಂದ್ರ, "ಮಾಮಾ, ಕ್ರ್ಯಾಕಿಂಗ್ ಸಮೀಕರಣ ಹದಿನಾಕು ಅದಾವು, ಹನ್ನೊಂದು ಬಂದ್ವು, ಇನ್ನ ಮೂರು ಉಳದಾವು" ಅಂದ್ಲು. ನಂಗ ನಗು ಬಂತು, ಆಮ್ಯಾಲ ಕೆಟ್ಟನೂ ಅನಸ್ತು, ಯಾಕಂದ್ರ ನಾನೂ ಹಂಗ ಕಲ್ತಾಂವ. ಕ್ರ್ಯಾಕಿಂಗ್ ಅಂದ್ರ ಎಣ್ಣಿಯೊಳಗಿನ ಉದ್ದ ಕಾರ್ಬನ್ ಸರಪಳಿ ಮುರದು ಸಣ್ಣ ತುಂಡು ಮಾಡೂದು. ಅದಕ್ಕ ಸಮೀಕರಣ ಹದಿನಾಕು ಅಲ್ಲ, ಒಂದೂ ಬಾಯಿಪಾಠ ಮಾಡೂದು ಬ್ಯಾಡ, ಹೈಡ್ರೋಜನ್ ಲೆಕ್ಕ ಬಂದ್ರ ಸಾಕು. ಅವತ್ತ ರಾತ್ರಿನ ಅವ್ವಗ ಹೇಳಿ ಒಂದ್ ಮುಷ್ಟಿ ಕಡ್ಲಿ, ಒಂದ್ ಮುಷ್ಟಿ ಹಸಿರು ವಟಾಣಿ ನೀರಾಗ ಹಾಕಿಸಿದೆ. ಮರುದಿನ ಮುಂಜಾನೆ ಚಹಾ ಕುಡದು ಏನ್ ಮಾಡಿದ್ವಿ ಅನ್ನೂದನ್ನ ಬರ್ದೀನಿ, ನೀವೂ ಮಾಡಿ ನೋಡ್ರಿ, ಎಸ್ಸೆಸ್ಸೆಲ್ಸಿ ಹುಡುಗ್ರಿಗೂ ನಡೀತೈತಿ.

ಬೇಕಾಗೂದು ಇಷ್ಟ. ನೆನದ ಕಡ್ಲಿ 6, ಅವು ಕಾರ್ಬನ್. ನೆನದ ವಟಾಣಿ 14, ಅವು ಹೈಡ್ರೋಜನ್. ಕಡ್ಡಿ ಕಸಬರಿಗಿಯಿಂದ ಕಡ್ಡಿ ಮುರದು ಬಟ್ಟಿನಷ್ಟುದ್ದ 19 ತುಂಡು. ಕಡ್ಲಿ ಪೂರ್ತಿ ನೆನದಿರಬೇಕು, ಅರ್ಧ ನೆನದಿದ್ದು ಚುಚ್ಚಿದ ಕೂಡ್ಲೆ ಎರಡ್ ಬ್ಯಾಳಿ ಆಗಿ ಬೀಳ್ತೈತಿ, ಅದಕ್ಕ ನಾಕೈದು ಹೆಚ್ಚಿಗಿ ಇಟ್ಕೊಳ್ರಿ. ಕಾರ್ಬನ್ನಿಗೆ ನಾಕು ಕೈ, ಹೈಡ್ರೋಜನ್ನಿಗೆ ಒಂದ ಕೈ, ಇಷ್ಟ ನಿಯಮ, ಯಾವ ಕೈನೂ ಖಾಲಿ ಇರಬಾರ್ದು.

ಆರು ಕಡ್ಲಿ ಸಾಲಾಗಿ ಇಟ್ಟು ನಡುವ ಐದು ಕಡ್ಡಿ ಚುಚ್ರಿ. ಆಮ್ಯಾಲ ಉಳದ ಕೈಗೆಲ್ಲ ವಟಾಣಿ ಸಿಗಸ್ಕೋತ ಹೋಗ್ರಿ. ನಡುವಿನ ನಾಕು ಕಡ್ಲಿಗೆ ಎರಡೆರಡು, ತುದೀವು ಎರಡಕ್ಕ ಮೂರ್ ಮೂರು, ಒಟ್ಟ 14. ಇದು ಹೆಕ್ಸೇನ್, ಸಿ6ಎಚ್14. ಕಡ್ಡಿ ಎಣಸ್ರಿ, ಕಾರ್ಬನ್ ನಡುವ 5, ಹೈಡ್ರೋಜನ್ನಿಗೆ 14, ಒಟ್ಟ 19. ಈ 19 ನೆನಪಿಡ್ರಿ, ಮುಂದ ಕೆಲಸಕ್ಕ ಬರ್ತೈತಿ. ಇಲ್ಲೇ ಇನ್ನೊಂದು ಗಮನಿಸ್ರಿ, ಪ್ರತಿ ಕಾರ್ಬನ್ನಿಗೆ ಎರಡೆರಡು ಹೈಡ್ರೋಜನ್ ಅಂತ ಲೆಕ್ಕ ಹಾಕಿದ್ರ 12 ಆತು, ಮ್ಯಾಲಿನ 2 ಎಲ್ಲಿಂದ ಬಂದ್ವು? ತುದಿಗೆ ಬಂದ್ವು, ಈ ಕಡೆ ತುದಿಗೆ ಒಂದು, ಆ ಕಡೆ ತುದಿಗೆ ಒಂದು. ಆಲ್ಕೇನ್, ಅಂದ್ರ ಹಿಂಗ ಕಾರ್ಬನ್ ನಡುವ ಒಂದೊಂದ ಕಡ್ಡಿ ಇರೂ ಸರಪಳಿ, ಎಷ್ಟ ಉದ್ದ ಇರಲಿ, ತುದಿ ಎರಡ, ಅದಕ್ಕ ಹೆಚ್ಚಿಗಿ ಹೈಡ್ರೋಜನ್ ಯಾವಾಗ್ಲೂ ಎರಡ. ಪುಸ್ತಕದಾಗ ಇರೂ "ಎರಡ್ಪಟ್ಟು ಕೂಡಿಸು ಎರಡು" ಅನ್ನೂ ಸೂತ್ರ ಇದ.

ಈಗ ಕ್ರ್ಯಾಕಿಂಗ್. ನಮ್ ಕಡೆ ಅಣ್ಣತಮ್ಮಂದ್ರು ಬ್ಯಾರಿ ಆಗೂವಾಗ ವಾಟ್ನಿ ಮಾಡ್ಕೋತಾರಲ್ರಿ, ಹಂಗ ಇದು. ಎರಡನೇ ಕಡ್ಲಿ ಮೂರನೇ ಕಡ್ಲಿ ನಡುವಿನ ಕಡ್ಡಿ ಎಳದು ತಗೀರಿ, ಆ ಕಡ್ಡಿ ಒಗೀಬ್ಯಾಡ್ರಿ, ಬಾಜೂಕ ಇಡ್ರಿ. ಮನಿ ಎರಡಾತು, ಒಂದ್ ಕಡೆ ನಾಕು ಕಡ್ಲಿ ಒಂಬತ್ತು ವಟಾಣಿ, ಇನ್ನೊಂದ್ ಕಡೆ ಎರಡು ಕಡ್ಲಿ ಐದು ವಟಾಣಿ. ಎರಡೂ ಕಡೆ ಒಂದೊಂದು ಕೈ ಖಾಲಿ ಜೋತಾಡಾಕತ್ತೈತಿ. ಹೊಸಾ ತುದಿ ಎರಡು ಹುಟ್ಟಿದ್ವು, ಅದಕ್ಕ ಮುಚ್ಚಾಕ ಹೈಡ್ರೋಜನ್ ಇನ್ನೆರಡು ಬೇಕು, ಆದ್ರ ತಾಟಿನ್ಯಾಗ ಹೆಚ್ಚಿಗಿ ವಟಾಣಿ ಎಲ್ಲೈತಿ? ಇಲ್ಲ. ಅಕ್ಕನ ಮಗಳು ನೆನಿ ಹಾಕಿದ ಬೋಗಾಣಿಗೆ ಕೈ ಹಾಕಾಕ ಹೋದ್ಲು, ನಾ ಕೈ ಹಿಡದೆ, ಹೊರಗಿಂದ ತರಂಗಿಲ್ಲ, ಇದ್ದದ್ರಾಗ ಹಂಚ್ಕೋಬೇಕು ಅಂದೆ. ಸ್ವಲ್ಪ ಹೊತ್ತು ನೋಡಿದ್ಲು, ಆಮ್ಯಾಲ ತಾನ ಸಣ್ಣ ತುಂಡಿನ ತುದೀ ಕಡ್ಲಿಯಿಂದ ಒಂದು ವಟಾಣಿ ಕಡ್ಡಿ ಸಮೇತ ಕಿತ್ತಿ ದೊಡ್ಡ ತುಂಡಿನ ಖಾಲಿ ಕೈಗೆ ಚುಚ್ಚಿದ್ಲು. ದೊಡ್ಡಾಂವಂದು ಪೂರಾ ಆತು, ನಾಕು ಕಾರ್ಬನ್ ಹತ್ತು ಹೈಡ್ರೋಜನ್, ಬ್ಯೂಟೇನ್. ಸಣ್ಣಾಂವನ ಹಂತ್ಯಾಕ ಎರಡು ಕಾರ್ಬನ್, ನಾಕ ಹೈಡ್ರೋಜನ್, ಎರಡೂ ಕಾರ್ಬನ್ನಿನ ಒಂದೊಂದು ಕೈ ಖಾಲಿ. ಏನ್ ಮಾಡ್ಬೇಕು ಅಂವ? "ತಮ್ ತಮ್ಮೊಳಗ ಎರಡನೇ ಕೈ ಹಿಡ್ಕೊಳ್ಳಿ ಮಾಮಾ" ಅಂದ್ಲು. ಬಾಜೂಕ ಇಟ್ಟ ಕಡ್ಡಿ ಕೊಟ್ಟೆ. ಎರಡು ಕಡ್ಲಿ ನಡುವ ಎರಡು ಕಡ್ಡಿ ಆತು, ಅದ ದ್ವಿಬಂಧ, ಅದ ಈಥೀನ್, ಸಿ2ಎಚ್4. ಈಗ ಮತ್ತ ಕಡ್ಡಿ ಎಣಸ್ರಿ, ಬ್ಯೂಟೇನದಾಗ 3 ಮತ್ತ 10, ಈಥೀನದಾಗ 2 ಮತ್ತ 4, ಒಟ್ಟ 19.

ಆಲ್ಕೀನ್ ಅಂದ್ರ ಇಷ್ಟರಿ. ವಾಟ್ನಿಯೊಳಗ ಹೈಡ್ರೋಜನ್ ಕಡಿಮಿ ಬಿದ್ದಾಂವ. ಅದಕ್ಕ ಅಪರ್ಯಾಪ್ತ ಅನ್ನೂದು. ಎರಡು ತುದೀ ಹೈಡ್ರೋಜನ್ ಇಲ್ಲದ ಬರೇ ಕಾರ್ಬನ್ನಿನ ಎರಡ್ಪಟ್ಟು ಹೈಡ್ರೋಜನ್ ಅಷ್ಟ ಉಳದಿರ್ತೈತಿ, ಈಥೀನ್ 2ಕ್ಕ 4, ಪ್ರೊಪೀನ್ 3ಕ್ಕ 6, ಬ್ಯೂಟೀನ್ 4ಕ್ಕ 8. ಮೀಥೀನ್ ಅಂತ ಯಾಕಿಲ್ಲ ಅಂತ ಒಬ್ಬ ಹುಡುಗ ಹಿಂದೊಮ್ಮಿ ಕೇಳಿದ್ದ, ಒಂದ ಕಾರ್ಬನ್ ಇದ್ರ ಎರಡನೇ ಕೈ ಯಾರ್ ಜೋಡಿ ಹಿಡೀತೈತಪಾ ಅಂದೆ, ತಿಳೀತು ಅವಗ.

ಸಮೀಕರಣ ಬರಿಯೂದು ಹೆಂಗ ಅಂದ್ರ, ಎಡಗಡೆ ಆಲ್ಕೇನ್ ಇದ್ದಾಗ ಹೆಚ್ಚಿಗಿ ಇರೂ ಆ ಎರಡು ಹೈಡ್ರೋಜನ್ ಒಬ್ಬಗ ಮಾತ್ರ ಸಿಗ್ತಾವು. ಅಂದ್ರ ಎಷ್ಟ ತುಂಡ ಆಗಲಿ, ಒಂದ ತುಂಡು ಆಲ್ಕೇನ್, ಉಳದಿದ್ದೆಲ್ಲ ಆಲ್ಕೀನ್. ಮೊದಲ ಕಾರ್ಬನ್ ಹಂಚ್ರಿ, ಆಮ್ಯಾಲ ಆಲ್ಕೀನ್‌ಗೆಲ್ಲ ಎರಡ್ಪಟ್ಟು ಹಾಕ್ರಿ, ಆಲ್ಕೇನ್‌ಗೆ ಎರಡ್ಪಟ್ಟು ಮ್ಯಾಲ ಎರಡು. ನೋಡ್ರಿ:

ಸಿ10ಎಚ್22 → ಸಿ8ಎಚ್18 + ಸಿ2ಎಚ್4
ಸಿ10ಎಚ್22 → ಸಿ5ಎಚ್12 + ಸಿ5ಎಚ್10
ಸಿ16ಎಚ್34 → ಸಿ8ಎಚ್18 + 4 ಸಿ2ಎಚ್4

ಮೂರೂ ಖರೇನ, ಯಾಕಂದ್ರ ಸರಪಳಿ ಎಲ್ಲಿ ಬೇಕಾದ್ರೂ ಮುರೀಬಹುದು, ಕ್ರ್ಯಾಕಿಂಗ್ ಆದಾಗ ಒಂದ ಉತ್ಪನ್ನ ಬರಂಗಿಲ್ಲ, ದೊಡ್ಡ ಮಿಶ್ರಣನ ಬರ್ತೈತಿ. ಪರೀಕ್ಷೆದಾಗ ಒಂದು ಉತ್ಪನ್ನ ಕೊಟ್ಟು ಇನ್ನೊಂದು ಕೇಳ್ತಾರ, ಆವಾಗ ಕಳಿಯೂ ಲೆಕ್ಕ ಅಷ್ಟ. ಒಂದು ಮಾತು ಇಲ್ಲೇ ಹೇಳ್ತೀನಿ, ನಾವು ಒಂದು ವಟಾಣಿ ಆ ಕಡೆಯಿಂದ ಈ ಕಡೆ ಕಿತ್ತಿಟ್ವಲ್ಲ, ಒಳಗ ನಡಿಯೂದು ಯಾವಾಗ್ಲೂ ಅಷ್ಟ ಸರಳ ಇರಂಗಿಲ್ಲ. ಕಾಯಿಸಿ ಮುರದಾಗ ಖಾಲಿ ಕೈ ಇರೂ ತುಂಡು ಹುಟ್ತಾವು, ಅವಕ್ಕ ಫ್ರೀ ರ್‍ಯಾಡಿಕಲ್ ಅಂತಾರ, ಅವು ಮತ್ತ ತಮ್ಮ ಸರಪಳಿನ ಒಂದು ಕೊಂಡಿ ಬಿಟ್ಟು ಆಚೆ ಮುರ್ಕೊಂಡು ಒಂದೊಂದ ಈಥೀನ್ ಉದುರಿಸ್ಕೋತ ಹೋಗ್ತಾವು. ದಾರಿ ಬ್ಯಾರೆ, ಕಡೀ ಲೆಕ್ಕ ಮಾತ್ರ ಇದ.

ಕಡ್ಡಿ 19 ಇದ್ದಿದ್ದು 19 ಉಳೀತು ಅಂದ ಮ್ಯಾಲ ಉರಿ ಯಾಕ ಹಚ್ಚಬೇಕು ಅಂತ ಅನಸ್ಬೇಕು ನಿಮಗ, ಅನಸಿಲ್ಲಂದ್ರ ಮತ್ತೊಮ್ಮಿ ಮ್ಯಾಲಿಂದ ಓದ್ರಿ. ಎಲ್ಲಾ ಕಡ್ಡಿ ಒಂದ ಗಟ್ಟಿ ಇರಂಗಿಲ್ರಿ. ಕಾರ್ಬನ್ ಕಾರ್ಬನ್ ನಡುವಿನ ಒಂಟಿ ಬಂಧ ಮುರಿಯಾಕ ಒಂದು ಮೋಲ್‌ಗೆ ಸುಮಾರು 347 ಕಿಲೋಜೂಲ್ ಬೇಕು, ದ್ವಿಬಂಧ ಪೂರ್ತಿ ಮುರಿಯಾಕ ಸುಮಾರು 611. ಎರಡ್ಪಟ್ಟು ಆಗಿದ್ರ 694 ಆಗಬೇಕಿತ್ತು, ಆಗಿಲ್ಲ. ಅಂದ್ರ ಎರಡನೇ ಕಡ್ಡಿ ಬರೇ 264ರಷ್ಟ ಗಟ್ಟಿ. ಮೊದಲಿಂದು ಸಿಗ್ಮಾ, ಎದುರಾಬದುರು ಹಿಡದ ಕೈ, ಎರಡನೇದು ಪೈ, ಬಾಜೂದಿಂದ ಹಿಡದ ಕೈ, ಹಿಡತ ಕಡಿಮಿ. ನಾವು ಗಟ್ಟಿ ಕಡ್ಡಿ ಒಂದು ಕಿತ್ತಿ ಅದರ ಬದ್ಲಿಗೆ ಪುಸುಕು ಕಡ್ಡಿ ಹಾಕಿದ್ವಿ, ಹತ್ತತ್ರ 80 ಕಿಲೋಜೂಲ್ ಸಾಲ ಬಿತ್ತು, ಆ ಸಾಲ ತೀರಸೂದು ಬೆಂಕಿ. ಅದಕ್ಕ ಕ್ರ್ಯಾಕಿಂಗ್ ಶಾಖ ಹೀರೂ ಕ್ರಿಯೆ. ಈ ಪುಸುಕು ಎರಡನೇ ಕಡ್ಡಿನ ಮುಂದಿನ ಎಲ್ಲಾ ಕಥಿಗೂ ಮೂಲ.

ಕಾರ್ಖಾನಿ ಸುದ್ದಿ ಲಗೂನ ಹೇಳಿ ಮುಗಸ್ತೀನಿ. ಕಚ್ಚಾ ಎಣ್ಣಿ ಬಟ್ಟಿ ಇಳಿಸಿದ ಮ್ಯಾಲ ಉದ್ದ ಸರಪಳಿ ದಪ್ಪ ಎಣ್ಣಿ ಭಾಳ ಉಳೀತೈತಿ, ಮಂದಿಗೆ ಬೇಕಾಗಿದ್ದು ಪೆಟ್ರೋಲು, ಗ್ಯಾಸು. ಉದ್ದಂದು ಮುರದು ಸಣ್ಣಂದು ಮಾಡೂದ ದಾರಿ. ರಷ್ಯಾದ ಶುಖೋವ್ 1891ರಾಗ ಪೇಟೆಂಟ್ ತಗೊಂಡ, ಅಮೆರಿಕಾದಾಗ ಬರ್ಟನ್ 1913ರ ಹೊತ್ತಿಗೆ ಬರೇ ಶಾಖ, ಒತ್ತಡ ಹಾಕಿ ದೊಡ್ಡ ಪ್ರಮಾಣದಾಗ ಮಾಡಿ ತೋರಿಸಿದ, ಆಮ್ಯಾಲ ಫ್ರಾನ್ಸಿನ ಹೌಡ್ರಿ 1930ರ ದಶಕದಾಗ ವೇಗವರ್ಧಕ ತಂದ. ಈಗಿನ ರಿಫೈನರಿಯೊಳಗ ಜಿಯೋಲೈಟ್ ಅನ್ನೂ ಹಿಟ್ಟಿನಂಥಾ ವೇಗವರ್ಧಕ 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾದು ಎಣ್ಣಿ ಆವಿ ಜೋಡಿ ನೀರು ಹರದಂಗ ಪೈಪಿನ್ಯಾಗ ಹರೀತೈತಿ. ಅದರ ಮೈಗೆ ಕರೀ ಕೋಕ್ ಅಂಟ್ಕೋತೈತಿ, ವಾಟ್ನಿಯೊಳಗ ಒಂದೂ ಹೈಡ್ರೋಜನ್ ಸಿಗದ ಬೀದಿಗೆ ಬಿದ್ದಾಂವ ಅದು, ಬರೇ ಕಾರ್ಬನ್ನು ಅನ್ರಿ. ಆ ಕೋಕ್ ಬ್ಯಾರೆ ಪಾತ್ರೆಯೊಳಗ ಸುಡ್ತಾರ, ಆ ಬೆಂಕಿ ಶಾಖನ ಹೊತ್ಕೊಂಡು ಹಿಟ್ಟು ಮತ್ತ ವಾಪಸ್ ಬಂದು ಮುಂದಿನ ಎಣ್ಣಿ ಮುರೀತೈತಿ. ಭಾಳ ಜಾಣ ಏರ್ಪಾಟು ನನ್ನ ಕೇಳಿದ್ರ. ಈಥೀನ್ ಬೇಕಾದವರು ಇನ್ನೊಂದು ದಾರಿ ಹಿಡೀತಾರ, ನ್ಯಾಫ್ತಾ (ಕಚ್ಚಾ ಎಣ್ಣಿಯಿಂದ ಬರೂ ಹಗುರ ಎಣ್ಣಿ) ಇಲ್ಲಾ ಈಥೇನ್ ತಗೊಂಡು ನೀರಿನ ಆವಿ ಕೂಡಿಸಿ 800 ಡಿಗ್ರಿ ಮ್ಯಾಲ ಒಂದು ಸೆಕೆಂಡ್‌ಗಿಂತ ಕಡಿಮಿ ಹೊತ್ತು ಹಾಯಿಸಿ ತಕ್ಷಣ ತಣ್ಣಗ ಮಾಡೂದು. ಹೊತ್ತು ಹೆಚ್ಚಾತೋ, ಆಲ್ಕೀನ್ ಮತ್ತ ಒಂದಕ್ಕೊಂದು ಕೂಡಿ ಟಾರು, ಕೋಕು ಆಗಿ ಕುಂಡ್ರತೈತಿ.

ಈಗ ಎರಡನೇ ಕಡ್ಡಿ ಕಡೆ ಬರೂಣು. ನಿಮ್ಮ ತಾಟಿನ್ಯಾಗ ಬ್ಯೂಟೇನ್ ಒಂದು, ಈಥೀನ್ ಒಂದು ಐತಿ. ಬ್ಯೂಟೇನ್ ನಡುಕ ಹಿಡದು ತಿರುವ್ರಿ, ತಿರುಗ್ತೈತಿ. ಈಥೀನ್ ತಿರುವ್ರಿ, ತಿರುಗಂಗಿಲ್ಲ, ಜೋರ್ ಮಾಡಿದ್ರ ಕಡ್ಲಿ ಒಡೀತೈತಿ. ದ್ವಿಬಂಧದ ಸುತ್ತ ತಿರುಗಾಕ ಬರಂಗಿಲ್ಲ ಅನ್ನೂದು ಇದ. ಈಗ ಎರಡೂ ತುದಿಗೆ ಒಂದೊಂದು ವಟಾಣಿ ತಗದು ಒಂದೊಂದು ಕಡ್ಲಿ ಹಚ್ರಿ, ಆ ಹೊಸಾ ಕಡ್ಲಿಗೆ ಮೂರ್ ಮೂರು ವಟಾಣಿ, ಅದು ಬ್ಯೂಟ್-2-ಈನ್. ಹೊಸಾ ಕಡ್ಲಿ ಎರಡೂ ಒಂದ ಬಾಜೂಕ ಹಚ್ಚಬಹುದು, ಇಲ್ಲಾ ಒಂದು ಈ ಕಡೆ ಒಂದು ಆ ಕಡೆ ಹಚ್ಚಬಹುದು, ಮೊದಲಿಂದು ಸಿಸ್, ಎರಡನೇದು ಟ್ರಾನ್ಸ್. ಕುದಿಬಿಂದುನೂ ಬ್ಯಾರೆ, ಸಿಸ್ ಸುಮಾರು 4 ಡಿಗ್ರಿ, ಟ್ರಾನ್ಸ್ ಸುಮಾರು 1 ಡಿಗ್ರಿ. ಹೆಸರಿಡೂವಾಗ ದ್ವಿಬಂಧ ಯಾವ ತುದಿಗೆ ಹತ್ರ ಐತೋ ಆ ಕಡೆಯಿಂದ ಎಣಸ್ರಿ, ಅಷ್ಟ, ಅದರಾಗ ಭಾಳ ಹೊತ್ತು ಕಳೀಬ್ಯಾಡ್ರಿ.

ಸಿಸ್ ಟ್ರಾನ್ಸ್ ಯಾಕ ಬೇಕು ಅಂತ ಹುಡುಗಿ ಮಾರಿ ಸಣ್ಣ ಮಾಡಿದ್ಲು. ಅಡಗಿ ಮನಿಗೆ ಕರ್ಕೊಂಡ್ ಹೋದೆ. ನಮ್ಮ ಮನ್ಯಾಗ ಇನ್ನೂ ಕುಸುಬಿ ಎಣ್ಣಿ ಬಳಸ್ತಾರ, ಗಾಣದಿಂದ ಡಬ್ಬಿ ತರಸ್ತಾರ. ಥಂಡಿ ದಿನದಾಗ ತಲಿಗೆ ಹಚ್ಚೂ ಕೊಬ್ರಿ ಎಣ್ಣಿ ಬಾಟಲಿಯೊಳಗ ಗಟ್ಟಿ ಆಗಿ ಕುಂಡ್ರತೈತಿ, ಬಿಸಿಲಿಗೆ ಇಡಬೇಕು, 24 ಡಿಗ್ರಿ ಹತ್ರ ಕರಗೂ ಸ್ವಭಾವ ಅದರದು. ಅದ ಥಂಡ್ಯಾಗ ಬಾಜೂಕ ಇರೂ ಕುಸುಬಿ ಎಣ್ಣಿ ನೀರಿನಂಗ ಇರ್ತೈತಿ. ಕೊಬ್ರಿ ಎಣ್ಣಿ ಸರಪಳಿಯೊಳಗ ದ್ವಿಬಂಧ ಭಾಳ ಕಡಿಮಿ, ನೆಟ್ಟಗಿನ ಕಟಗಿ ಒಟ್ಟಿದಂಗ ಒಂದ್ರಮ್ಯಾಲ ಒಂದು ಕುಂಡ್ರತಾವು. ಕುಸುಬಿಯೊಳಗ ಹೆಚ್ಚಿನ ಪಾಲು ಲಿನೋಲಿಯಿಕ್ ಅನ್ನೂ ಕೊಬ್ಬಿನ ಆಮ್ಲ, ಒಂದೊಂದು ಸರಪಳಿಯೊಳಗ ಎರಡು ದ್ವಿಬಂಧ, ಎರಡೂ ಸಿಸ್, ಹಂಗಾಗಿ ಸೊಟ್ಟ ಕಟಗಿ, ಒಟ್ಟಾಕ ಬರಂಗಿಲ್ಲ. ಆ ಕುಸುಬಿ ಡಬ್ಬಿ ಬಾಯಿಗೆ ಬಟ್ಟ ಹಚ್ಚಿ ನೋಡು ಅಂದೆ. ಹಳೇ ಎಣ್ಣಿ ಇಳದು ಒಣಗಿದ ಕಡೆ ಬೆಲ್ಲದ ಪಾಕದಂಗ ಜಿಗಿಜಿಗಿ ಅಂಟು, ಉಗುರಿನಿಂದ ಕೆರದ್ರೂ ಹೋಗವಲ್ದು. ಗಾಳಿಯೊಳಗಿನ ಆಕ್ಸಿಜನ್ ದ್ವಿಬಂಧದ ಹತ್ರ ಕೂಡಿ ಸರಪಳಿ ಸರಪಳಿಗೆ ಗಂಟ ಹಾಕೇತಿ. ಅಗಸಿ ಎಣ್ಣಿಯೊಳಗ ಮೂರು ದ್ವಿಬಂಧದ ಸರಪಳಿ ಹೆಚ್ಚು, ಅದು ಇನ್ನೂ ಲಗೂ ಒಣಗ್ತೈತಿ, ಅದಕ್ಕ ಹಿಂದ ಬಣ್ಣಕ್ಕ, ಕಟಗಿ ಪಾಲಿಶ್‌ಗೆ ಅದನ್ನ ಹಾಕ್ತಿದ್ರು. ನಿಕ್ಕಲ್ ವೇಗವರ್ಧಕ ಹಾಕಿ ಎಣ್ಣಿಗೆ ಹೈಡ್ರೋಜನ್ ಕೊಟ್ರ ಎರಡನೇ ಕಡ್ಡಿ ಬಿಚ್ಚಿ ಎರಡು ಹೈಡ್ರೋಜನ್ ಹಿಡ್ಕೋತೈತಿ, ಎಣ್ಣಿ ಗಟ್ಟಿ ಆಗಿ ಡಾಲ್ಡಾ ಆಗ್ತೈತಿ. ಹತ್ತನೇತ್ತೆ ಪುಸ್ತಕದಾಗಿನ ಸಂಕಲನ ಕ್ರಿಯೆ ಅದ. ಪೂರ್ತಿ ಹೈಡ್ರೋಜನ್ ಹಿಡೀಲಾರದ ಉಳದ ದ್ವಿಬಂಧ ಬಿಚ್ಚಿ ಮತ್ತ ಮುಚ್ಚೂವಾಗ ಕೆಲವು ಟ್ರಾನ್ಸ್ ಆಗಿ ಕುಂಡ್ರತಾವು, ಸುದ್ದಿಯೊಳಗ ಕೇಳೂ ಟ್ರಾನ್ಸ್ ಫ್ಯಾಟ್ ಅದ, ನಮ್ಮ ದೇಶದಾಗ 2022ರಿಂದ ಎಣ್ಣಿ, ವನಸ್ಪತಿಯೊಳಗ 2 ಪರ್ಸೆಂಟ್ ದಾಟಬಾರ್ದು ಅಂತ ಮಿತಿ ಹಾಕ್ಯಾರ.

ಬ್ರೋಮಿನ್ ನೀರಿನ ಪರೀಕ್ಷೆನೂ ಇದ ಲೆಕ್ಕ. ಕಿತ್ತಳಿ ಬಣ್ಣದ ಬ್ರೋಮಿನ್ ನೀರಿಗೆ ಆಲ್ಕೀನ್ ಹಾಕಿ ಅಲುಗಾಡಿಸಿದ್ರ ಬಣ್ಣ ಹೋಗ್ತೈತಿ, ಬ್ರೋಮಿನ್ ಬಂದು ಪುಸುಕು ಕಡ್ಡಿ ಬಿಚ್ಚಿ ಕಾರ್ಬನ್ನಿಗೆ ಹತ್ಕೋತೈತಿ, ಬಣ್ಣ ಕೊಡೂ ಬ್ರೋಮಿನ್ ಉಳಿಯೂದ ಇಲ್ಲ. ಉತ್ತರದಾಗ "ಬಣ್ಣ ಹೋಗಿ ನಿರ್ವರ್ಣ ಆಗ್ತೈತಿ" ಅಂತ ಬರೀರಿ, "ತಿಳಿ ಆಗ್ತೈತಿ" ಅಂತ ಬರೀಬ್ಯಾಡ್ರಿ, ಕಿತ್ತಳಿ ಬ್ರೋಮಿನ್ ನೀರೂ ತಿಳೀನ ಇರ್ತೈತಿ, ಶರಬತ್ತು ತಿಳಿ ಇದ್ದಂಗ. ಇದಕ್ಕ ಮಾರ್ಕ್ಸ್ ಕಳಕೊಂಡಾವ್ರು ಭಾಳ ಮಂದಿ. ಇನ್ನೊಂದು ಬೇಯರ್ ಪರೀಕ್ಷೆ, ತಣ್ಣಗಿನ, ತೆಳು, ಕ್ಷಾರೀಯ ಪೊಟ್ಯಾಸಿಯಂ ಪರ್ಮ್ಯಾಂಗನೇಟ್, ಬದನಿಕಾಯಿ ಬಣ್ಣ ಹೋಗಿ ಕಂದು ಗಸಿ ತಳಕ್ಕ ಇಳೀತೈತಿ, ಅದು ಮ್ಯಾಂಗನೀಸ್ ಡೈಆಕ್ಸೈಡ್. ಆದ್ರ ಇದರ ಮ್ಯಾಲ ಪೂರ್ತಿ ನೆಚ್ಚಬ್ಯಾಡ್ರಿ, ಆಲ್ಡಿಹೈಡ್‌ನಂಥಾವೂ ಪರ್ಮ್ಯಾಂಗನೇಟ್ ಬಣ್ಣ ತಗೀತಾವು.

ಮಾರ್ಕೋವ್ನಿಕೋವ್ ನಿಯಮ ಪಿಯುಸಿಯವ್ರಿಗೆ ಮಾತ್ರ. ಪ್ರೊಪೀನ್‌ಗೆ ಹೈಡ್ರೋಜನ್ ಬ್ರೋಮೈಡ್ ಸೇರಿಸಿದ್ರ ಹೈಡ್ರೋಜನ್ ಯಾರ ಕಡೆ ಹೋಗ್ತೈತಿ? ಯಾರ ಹಂತ್ಯಾಕ ಮೊದ್ಲ ಹೆಚ್ಚು ಹೈಡ್ರೋಜನ್ ಐತೋ ಅವರ ಕಡೆ. ಇದ್ದಾಂವಗ ಇನ್ನಷ್ಟು, ವಾಟ್ನಿಯೊಳಗೂ ಹಂಗ ಅಲ್ಲೇನ್ರಿ. ಕಾರಣ ಅಂದ್ರ ನಡುಕ ಧನ ಆವೇಶ ಕುಂತ್ರ ಎರಡೂ ಕಡೆ ಆಸರ ಸಿಗ್ತೈತಿ, ತುದಿಗೆ ಕುಂತ್ರ ಒಂದ ಕಡೆ. ಅದಕ್ಕ ಬ್ರೋಮಿನ್ ನಡುಕ, 2-ಬ್ರೋಮೊಪ್ರೊಪೇನ್. ಪೆರಾಕ್ಸೈಡ್ ಇದ್ರ ಉಲ್ಟಾ, 1-ಬ್ರೋಮೊಪ್ರೊಪೇನ್, ಇದು ಹೈಡ್ರೋಜನ್ ಬ್ರೋಮೈಡ್‌ಗೆ ಮಾತ್ರ, ಕ್ಲೋರೈಡ್, ಅಯೋಡೈಡ್‌ಗೆ ಇಲ್ಲ.

ಇನ್ನ ಖರೇ ಖರೇ ಕ್ರ್ಯಾಕಿಂಗ್ ಕಣ್ಣಾರೆ ನೋಡೂದು. ಇದನ್ನ ಕಾಲೇಜ್ ಲ್ಯಾಬಿನ್ಯಾಗ ಸರ್ ಮುಂದ ನಿಂತಾಗ ಮಾತ್ರ ಮಾಡ್ರಿ. ಮನ್ಯಾಗ ಗ್ಯಾಸ್ ಒಲಿ ಮ್ಯಾಲ ಪೆಟ್ರೋಲು, ಚಿಮಣಿ ಎಣ್ಣಿ ತಗೊಂಡು ಆಟ ಆಡಾಕ ಹೋದ್ರ ಮನಿನ ಹೊತ್ತತೈತಿ, ಇದು ತಮಾಷಿ ಮಾತಲ್ಲ.

ಲಿಕ್ವಿಡ್ ಪ್ಯಾರಾಫಿನ್ ಬೇಕು, ಮೆಡಿಕಲ್ ಶಾಪಿನ್ಯಾಗ ಹೊಟ್ಟಿ ಕಟ್ಟಿದವ್ರಿಗೆ ಕೊಡ್ತಾರಲ್ಲ ಅದ. ಗಟ್ಟಿ ಗಾಜಿನ ದೊಡ್ಡ ಬಾಯ್ಲಿಂಗ್ ಟ್ಯೂಬಿನ ತಳಕ್ಕ ಎರಡು ಸೆಂಟಿಮೀಟರಿನಷ್ಟು ಮಿನರಲ್ ವುಲ್ ಒತ್ತಿ ಅದಕ್ಕ ಸುಮಾರು ಎರಡು ಮಿಲಿಲೀಟರ್ ಪ್ಯಾರಾಫಿನ್ ಹೀರಿಸ್ರಿ, ಹತ್ತಿ ಹಾಕಬ್ಯಾಡ್ರಿ, ಹತ್ತಿ ಸುಡ್ತೈತಿ. ಟ್ಯೂಬ್ ಅಡ್ಡ ಮಲಗಿಸಿ ಸ್ಟ್ಯಾಂಡಿಗೆ ಬಾಯಿ ಕಡೆ ಹಿಡಸ್ರಿ. ನಡುಕ ಮೆರುಗು ಇಲ್ಲದ ಒಡದ ಮಣ್ಣಿನ ಗಡಿಗಿ ಚೂರು ಹಾಕ್ರಿ, ಇಲ್ಲಾ ಅಲ್ಯೂಮಿನಿಯಂ ಆಕ್ಸೈಡ್, ಅದು ವೇಗವರ್ಧಕ. ನಮ್ಮ ಹಳೇ ನೀರಿನ ಗಡಿಗಿ ಚೂರಿನಿಂದನ ನಾನು ಮಾಡಿಸೀನಿ, ಛಲೋ ಕೆಲಸ ಮಾಡ್ತೈತಿ. ಬಾಯಿಗೆ ಬೂಚು, ಬೂಚಿಂದ ಬಾಗಿದ ಕೊಳವಿ, ಕೊಳವಿ ತುದಿ ನೀರಿನ ತೊಟ್ಟಿಯೊಳಗ, ಅದರ ಮ್ಯಾಲ ನೀರು ತುಂಬಿ ಬೋರಲ ಹಾಕಿದ ಪ್ರನಾಳ.

ಉರಿ ಮೊದಲ ಗಡಿಗಿ ಚೂರಿನ ಕೆಳಗ ಹಿಡೀರಿ, ಅವು ಚಂದಂಗ ಕಾಯಬೇಕು. ಆಮ್ಯಾಲ ನಡುನಡುವ ಉರಿ ಸ್ವಲ್ಪ ಪ್ಯಾರಾಫಿನ್ ಕಡೆ ಸರಿಸಿ ಮತ್ತ ಚೂರಿಗೆ ತರ್ರಿ, ಪ್ಯಾರಾಫಿನ್ ಆವಿ ಆಗಿ ಕಾದ ಚೂರಿನ ಮ್ಯಾಲ ಹಾದು ಹೋಗೂವಾಗ ಮುರೀತೈತಿ. ಮೊದಲ್ನೇ ಪ್ರನಾಳದಾಗ ಬರೂದು ಟ್ಯೂಬಿನೊಳಗಿನ ಗಾಳಿ, ಅದನ್ನ ಒಗೀರಿ. ಮುಂದಿನ ಮೂರು ನಾಕು ಪ್ರನಾಳ ತುಂಬಿ ನೀರಾಗ ಇದ್ದಾಗ ಬೂಚು ಬಿಗೀರಿ.

ಈಗ ಜ್ವಾಕಿ ಮಾತು. ಉರಿ ತಗಿಯೂ ಮೊದ್ಲ ಕೊಳವಿ ನೀರಿನಿಂದ ಹೊರಗ ತಗೀಬೇಕು. ನಾನು ಕಲಿಯೂವಾಗ, ಕಾಲೇಜಿನ ಹೆಸರು ಬ್ಯಾಡ, ನನ್ನ ಜೋಡಿದಾಂವ ಗಂಟಿ ಹೊಡೀತು ಅಂತ ಗಡಬಡಿಸಿ ಉರಿ ಆರಿಸಿಬಿಟ್ಟ. ಟ್ಯೂಬ್ ತಣ್ಣಗಾಗಾಕತ್ತಿದ ಕೂಡ್ಲೆ ಒಳಗಿನ ಗ್ಯಾಸ್ ಕುಗ್ತು, ತೊಟ್ಟಿ ನೀರು ಕೊಳವಿಯೊಳಗ ಹಾವು ಏರಿದಂಗ ಮ್ಯಾಲ ಏರಿ ಬಂತು, ನಾನು ನೋಡ್ಕೋತ ನಿಂತೀನಿ, ಏನ್ ಮಾಡ್ಬೇಕು ತಿಳೀವಲ್ದು, ಕಾದ ಗಾಜಿಗೆ ತಣ್ಣೀರು ಮುಟ್ಟಿದ್ದ ಟಪ್ ಅಂತ ಟ್ಯೂಬ್ ಎರಡು ಸೀಳು. ಕಣ್ಣಿಗೆ ಕನ್ನಡಕ ಇರಲಿಲ್ಲ ಇಬ್ಬರಿಗೂ. ಚೂರು ಮೇಜಿನ ಆ ಕಡೆ ಸಿಡೀತು, ನಸೀಬ ಛಲೋ ಇತ್ತು. ಅದಕ್ಕ ಕನ್ನಡಕ ಹಾಕದ ಬರ್ನರ್ ಹಚ್ಚಬ್ಯಾಡ್ರಿ, ಮತ್ತ ನೀರು ಏರೂದು ಕಂಡ್ರ ಉರಿ ಆರಿಸೂದಲ್ಲ, ಸ್ಟ್ಯಾಂಡ್ ಸಮೇತ ಎತ್ತಿ ಕೊಳವಿ ಹೊರಗ ತಗೀರಿ.

ತುಂಬಿದ ಒಂದು ಪ್ರನಾಳಕ್ಕ ಉರಿಯೂ ಕಡ್ಡಿ ಹಿಡೀರಿ, ಹಳದಿ ಉರಿ, ಸ್ವಲ್ಪ ಮಸಿ. ಆಲ್ಕೀನ್ ಯಾವುದ ಇರಲಿ, ತೂಕದಾಗ 85.7 ಪರ್ಸೆಂಟ್ ಕಾರ್ಬನ್, ಈಥೇನದಾಗ 80 ಅಷ್ಟ, ಮಸಿ ಯಾಕ ಅಂತ ಇದರಾಗ ಐತಿ. ಇನ್ನೊಂದಕ್ಕ ಒಂದು ಮಿಲಿಲೀಟರ್ ತೆಳು ಬ್ರೋಮಿನ್ ನೀರು ಹಾಕಿ ಬೂಚು ಬಿಗದು ಅಲುಗಾಡಿಸ್ರಿ, ಬ್ರೋಮಿನ್ ಮುಟ್ಟೂ ಕೆಲಸ ಸರ್ ಮಾಡ್ಲಿ, ಅದು ಚರ್ಮ ಸುಡ್ತೈತಿ, ಆವಿನೂ ಕೆಟ್ಟದ್ದು. ಬಣ್ಣ ಹೋಗ್ತೈತಿ. ಭಾಳ ಕಡೆ ಇಲ್ಲಿಗೇ ನಿಲ್ಲಸ್ತಾರ, ಅದು ತಪ್ಪು. ಕಾಯಿಸದ ಪ್ಯಾರಾಫಿನ್ ನಾಕು ಹನಿ ಬ್ಯಾರೆ ಪ್ರನಾಳಕ್ಕ ಹಾಕಿ ಅದಕ್ಕೂ ಬ್ರೋಮಿನ್ ನೀರು ಹಾಕಿ ನೋಡಬೇಕು, ಅಲ್ಲಿ ಬ್ರೋಮಿನ್ ಎಣ್ಣಿ ಪದರಕ್ಕ ಏರಬಹುದು, ಆದ್ರ ಬಣ್ಣ ಉಳೀತೈತಿ. ಈ ಎರಡೂ ಬಾಜೂಬಾಜೂ ಇಟ್ಟಾಗ ದ್ವಿಬಂಧ ಮೊದಲ ಇರಲಿಲ್ಲ, ಮುರದಾಗ ಹುಟ್ತು ಅನ್ನೂದು ಸಿದ್ಧ ಆಗ್ತೈತಿ. ಪುಸ್ತಕದಾಗಿನ ಇನ್ನೊಂದು ದಾರಿ, ಎಥನಾಲಿಗೆ ಸಾಂದ್ರ ಗಂಧಕಾಮ್ಲ ಕೂಡಿಸಿ 170 ಡಿಗ್ರಿಗೆ ಕಾಯಿಸಿ ನೀರು ಕಳದು ಈಥೀನ್ ಮಾಡೂದು, ಅದು ಕ್ರ್ಯಾಕಿಂಗ್ ಅಲ್ಲ, ಕಲಸ್ಕೋಬ್ಯಾಡ್ರಿ.

ಮನ್ಯಾಗ ಮಾಡೂವಂಥಾದ್ದೂ ಅದಾವು. ಒಂದ ಗೊನಿಯಿಂದ ನಾಕು ಹಸಿ ಬಾಳಿಕಾಯಿ ತಗೊಂಡು ಎರಡು ಹಂಗ ಇಡ್ರಿ, ಎರಡನ್ನ ಒಂದು ಪೂರಾ ಹಣ್ಣಾದ ಬಾಳಿಹಣ್ಣಿನ ಜೋಡಿ ಡಬ್ಬಿಯೊಳಗ ಮುಚ್ಚಿಡ್ರಿ, ಡಬ್ಬಿವು ಮೊದ್ಲ ಹಳದಿ ಆಗ್ತಾವು. ಹಣ್ಣು ಬಿಡೂ ಗ್ಯಾಸ್ ಇದ ಈಥೀನ್, ಪ್ಯಾಟ್ಯಾಗ ಎಥಿಲೀನ್ ಅಂತಾರ. ನಮ್ಮ ಧಾರವಾಡ ಆಪೂಸ ಕಾಯಿ ಹುಲ್ಲಿನಾಗ ಮುಚ್ಚಿ ಹಣ್ಣು ಮಾಡೂದೂ ಇದರಿಂದನ, ಹುಲ್ಲು ಗ್ಯಾಸ್ ಹೊರಗ ಹೋಗಗೊಡಂಗಿಲ್ಲ. ಈಗ ದೊಡ್ಡ ವ್ಯಾಪಾರಸ್ಥರು ಮುಚ್ಚಿದ ಖೋಲಿಯೊಳಗ ಎಥಿಲೀನ್ ಬಿಡ್ತಾರ, ಗಾಳಿಯ 10 ಲಕ್ಷ ಭಾಗಕ್ಕ 100 ಭಾಗದ ತನಕ ಕಾಯದೆ ಒಪ್ಪಿಗಿ ಐತಿ. ಕಾರ್ಬೈಡ್ ಹಾಕೂದು ಮಾತ್ರ ಕಾಯದೆ ಪ್ರಕಾರ ಬಂದ್. ಅದರಿಂದ ಬರೂದು ಅಸಿಟಲೀನ್, ಎರಡು ಕಾರ್ಬನ್ ನಡುವ ಮೂರು ಕಡ್ಡಿ ಇರೂದು, ಅದು ಎಥಿಲೀನ್ ಅಂತ ತಿಳಕೊಂಡು ಹಣ್ಣು ಮೋಸ ಹೋಗ್ತೈತಿ, ಜೋಡಿಗೆ ಆರ್ಸೆನಿಕ್, ರಂಜಕದ ಹೊಲಸೂ ಬರ್ತೈತಿ.

ಇನ್ನೊಂದು ಬಕೆಟ್ ನೀರಿನ ಪ್ರಯೋಗ, ಇದು ಹುಡುಗಿಗೆ ಎಲ್ಲಕ್ಕಿಂತ ಸೇರ್ತು. ನೀರಿನ ಬಾಟಲಿ ಒಂದು ತುಂಡು ಕತ್ತರಿಸ್ರಿ, ಅದರ ಮುಚ್ಚಳ ತಗೀರಿ, ಗೊಬ್ಬರ ಚೀಲದ ಎಳಿ ಒಂದಿಷ್ಟು, ಹಾಲಿನ ಪಾಕೀಟಿನ ಚೂರು. ಎಲ್ಲಾ ನೀರಾಗ ಮುಳುಗಿಸಿ ಗುಳ್ಳಿ ಹೋಗೂ ತನಕ ಬೆರಳಿಂದ ಒತ್ತಿ ಬಿಡ್ರಿ. ಬಾಟಲಿ ತುಂಡು ತಳಕ್ಕ ಹೋತು, ಉಳದ ಮೂರೂ ಮ್ಯಾಲ ಬಂದ್ವು. ಬಾಟಲಿ ಪೆಟ್ ಅನ್ನೂ ಪ್ಲಾಸ್ಟಿಕ್, ಅದರಾಗ ಆಕ್ಸಿಜನ್ನೂ ಐತಿ, ನೀರಿಗಿಂತ ಭಾರ. ತೇಲಿದ್ದೆಲ್ಲ ಪಾಲಿಥೀನ್, ಇಲ್ಲಾ ಪಾಲಿಪ್ರೊಪಿಲೀನ್, ಬರೇ ಕಾರ್ಬನ್ನು ಹೈಡ್ರೋಜನ್ನು. ಈಥೀನ್ ಈಥೀನ್ ಸಾಲಾಗಿ ನಿಂತು ಎಲ್ಲರೂ ತಮ್ಮ ಎರಡನೇ ಕಡ್ಡಿ ಬಿಚ್ಚಿ ಬಾಜೂದವನ ಕೈ ಹಿಡದ್ರ ಪಾಲಿಥೀನ್. ಅಂದ್ರ ಉದ್ದ ಸರಪಳಿ ಎಣ್ಣಿ ಮುರದು ಸಣ್ಣ ಆಲ್ಕೀನ್ ಮಾಡಿದ್ವಿ, ಆ ಸಣ್ಣವನ್ನ ಮತ್ತ ಕೂಡಿಸಿ ಮೊದಲಿಗಿಂತ ಉದ್ದ ಸರಪಳಿ ಮಾಡಿದ್ವಿ. ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿಯೊಳಗ ಕ್ರ್ಯಾಕಿಂಗ್‌ನಿಂದ ಬರೂ ಪ್ರೊಪೀನ್ ತಗೊಂಡು ಅಲ್ಲೇ ಪಾಲಿಪ್ರೊಪಿಲೀನ್ ಮಾಡ್ತಾರ, ಗೊಬ್ಬರ ಚೀಲ ನೇಯೂದು ಅಂಥಾ ಮಾಲಿನಿಂದನ. ನಮ್ಮ ಅವ್ವ ಆ ಹೊತ್ತಿನ್ಯಾಗ ಹಿತ್ತಲದಾಗ ಅದ ಚೀಲ ಹಾಸ್ಕೊಂಡು ಅಕ್ಕಿ ಹಸನ ಮಾಡಾಕತ್ತಿದ್ಲು, ಹುಡುಗಿ ಹೋಗಿ ಚೀಲದ ಅಂಚಿನಿಂದ ಎಳಿ ಕಿತ್ತಾಕ ಹೋಗಿ ಬೈಸ್ಕೊಂಡ್ಲು.

ಊರಿಗೆ ಹೋಗೂ ಮೊದ್ಲ ಒಂದು ಲೆಕ್ಕ ಕೊಟ್ಟೆ, ನಿಮಗೂ ಇರಲಿ. ಸಿ12ಎಚ್26 ಮುರದು ಎರಡು ಈಥೀನ್, ಒಂದು ಪ್ರೊಪೀನ್ ಬಂದ್ವು, ನಾಕನೇ ತುಂಡು ಯಾವುದು? ನೋಟ್‌ಬುಕ್ ತಗೀಲಿಲ್ಲ ಅಕಿ, ಬಟ್ಟಿನ ಮ್ಯಾಲ ಎಣಿಸಿ "ಹೆಚ್ಚಿಗಿ ಎರಡೂ ಇವಗ ಬಂದ್ವು ಮಾಮಾ, ಪೆಂಟೇನ್, ಸಿ5ಎಚ್12" ಅಂದ್ಲು. ಬೋಗಾಣಿಯೊಳಗ ಉಳದಿದ್ದ ಕಡ್ಲಿ, ವಟಾಣಿ ಅವ್ವ ಮಧ್ಯಾಹ್ನ ಉಸಳಿ ಮಾಡಿದ್ಲು, ಕಡ್ಡಿ ಚುಚ್ಚಿದ್ದನ್ನೆಲ್ಲ ಬಾಜೂ ಮನಿ ಎಮ್ಮಿಗೆ ಹಾಕಿ ಬಂದ್ವಿ.